ಬೀರುವಿನೊಳಗಿನ ರೂಟರ್

ಕಳೆದ ಜೂನ್ ಮೊದಲ ವಾರ ಶಿಕಾರಿಪುರದ ನಮ್ಮ ಬಾಡಿಗೆ ಮನೆಗೆ ಇಂಟರ್ನೆಟ್ ಬಂತು. ಮಹಡಿಯಲ್ಲಿ ನಾವು ನಾಲ್ವರು ವಿದ್ಯಾರ್ಥಿನಿಯರಿದ್ದೆವು. ಕೆಳಗಿದ್ದ ಮನೆಯೊಡತಿ ಬೆಲೆಬಾಳುವ ಸಾಮಾನೆಲ್ಲ ಕಬ್ಬಿಣದ ಬೀರುವಿನಲ್ಲಿಡುವವರು. ಬಾಗಿಲ ಸಂದಿಯಲ್ಲಿ ವೈರು ತೂರಿಸಿ, ರೂಟರನ್ನೂ ಅಲ್ಲಿಟ್ಟು ಬೀಗ ಹಾಕಿದರು.

“ಒಳಗಿದ್ರೆ ಚಿಂತಿಲ್ಲವ್ವ,” ಎನ್ನುತ್ತಿದ್ದರು, ಯಾವುದಕ್ಕಾದರೂ. ಮೇಲೆ ಸಿಗ್ನಲ್ ಬರುತ್ತಿರಲಿಲ್ಲ. ಹೇಳಲು ನಮಗೆ ಸಂಕೋಚ.

ಅದೊಂದು ಸಂಜೆ, ಎಂ.ಎಸ್ಸಿ. ಸೀಟಿಗೆ ಅರ್ಜಿ ಹಾಕಲು ಕೊನೆಯ ದಿನ. ನಮ್ಮಲ್ಲೊಬ್ಬಳು, ಜಡೆ ಊರಿನ ಗೆಳತಿ, ಲ್ಯಾಪ್‌ಟಾಪ್ ಹಿಡಿದು ಕೆಳಗೆ ಓಡಿದಳು.

“ಆಂಟಿ, ಬೀರು ತೆಗೀರಿ. ಐದಕ್ಕೆ ಮುಗೀತದೆ, ಸೀಟು ಹೋಗ್ತದೆ.”

ಅವರು ನೋಡುತ್ತಿದ್ದ ಧಾರಾವಾಹಿ ನಿಲ್ಲಿಸಿ, ಬೀಗ ತೆಗೆದು, ಬೀರುವಿನ ಮುಂದೆಯೇ ಮಣೆ ಹಾಕಿದರು.

“ಕುಂದ್ರು. ಇದೇನು ಬಂಗಾರ ಅಲ್ಲ, ಹೊರಗಿಡಿ ಅಂತ ಒಬ್ರಾದ್ರೂ ಬಾಯಿ ಬಿಡಬಾರ್ದಾ?”

ಐದಕ್ಕೆ ಎಂಟು ನಿಮಿಷವಿರುವಾಗ ಅರ್ಜಿ ಹೋಯಿತು. ಗೆಳತಿ ಈಗ ಎರಡನೇ ಸೆಮಿಸ್ಟರ್‌ನಲ್ಲಿದ್ದಾಳೆ.