ಪಡುಗೋಡೆಯ ಸುಣ್ಣ

ಊರು ನೋಡಲು ಬಂದವರು ಬಸ್ರೂರಿನ ಹಳೆಯ ಬಂದರು ಎಲ್ಲಿತ್ತು, ಕೋಡಿಯ ದೀಪಸ್ತಂಭಕ್ಕೆ ಹೇಗೆ ಹೋಗುವುದು ಎಂದೆಲ್ಲ ಕೇಳುತ್ತಾರೆ. ಗಂಗೊಳ್ಳಿಯ ನಮ್ಮ ಮನೆಯ ಗೋಡೆಯ ಬಗ್ಗೆ ಈವರೆಗೆ ಯಾರೂ ಕೇಳಿದ್ದಿಲ್ಲ. ಕೇಳದಿದ್ದರೆ ಬೇಡ, ನಾನೇ ಹೇಳುತ್ತೇನೆ.

ನಮ್ಮ ಕೇರಿ ಅಳಿವೆಗೆ ಎದುರು. ನದಿ ಸಮುದ್ರ ಸೇರುವ ಆ ಬಾಯಲ್ಲಿ ಮರಳದಿಬ್ಬಗಳಿವೆ, ನಡುವೆ ದೋಣಿ ಹೋಗುವಷ್ಟು ಆಳದ ದಾರಿ. ಕಡಲಿನಿಂದ ಬರುವವರಿಗೆ ಆಗೆಲ್ಲ ಗುರುತು ಕಡಲಿಗೆ ಮುಖ ಮಾಡಿದ ನಮ್ಮ ಪಡುಗೋಡೆ. ಮನೆಯ ಹಿಂದಿದ್ದ ಹೆಂಚಿನ ಕಾರ್ಖಾನೆಯ ಚಿಮಣಿ ಈ ಗೋಡೆಯ ನೇರಕ್ಕೆ ಬಂದರೆ ದಾರಿ ಸರಿ, ಇಲ್ಲದಿದ್ದರೆ ಮರಳು. ಅದಕ್ಕೇ ಮಳೆಗಾಲ ಮುಗಿದೊಡನೆ ಕೇರಿಯವರೇ ಬಂದು ಅದಕ್ಕೆ ಸುಣ್ಣ ಬಳಿದು, ಚಾ ಕುಡಿದು ಹೋಗುತ್ತಿದ್ದರು. ಉಳಿದ ಮೂರು ಗೋಡೆಗಳನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಅಮ್ಮನಿಗೆ ಅದೇ ಉರಿ.

ಅಪ್ಪ ಮುಂಬೈಯ ಹೋಟೆಲಿನಲ್ಲಿದ್ದ. ಮನೆಗೆ ಅಮ್ಮನೇ ಯಜಮಾನಿ. ಕುಂದಾಪುರದ ಪೇಟೆಗೆ ಹೋದಾಗಲೆಲ್ಲ ತಿಳಿ ಹಸಿರು ಬಣ್ಣದ ಒಂದು ಮನೆಯೆದುರು ಅವಳ ಕಾಲು ನಿಂತುಬಿಡುತ್ತಿತ್ತು. ನಾನು ಕಾಲೇಜಿಗೆ ಸೇರಿದ ವರ್ಷ, ಎರಡು ಸಾವಿರ ಇಸವಿಯ ಆಚೀಚೆ, ಕೊನೆಗೂ ಪೇಂಟರ್ ಬಂದ. ಮಾತಾಗಿದ್ದದ್ದು ಮೂರು ಗೋಡೆಗೆ. ಮಧ್ಯಾಹ್ನದ ಹೊತ್ತಿಗೆ ಡಬ್ಬಿಯಲ್ಲಿ ಬಣ್ಣ ಉಳಿದದ್ದು ಕಂಡು ಅಮ್ಮನಿಗೆ ಆಸೆ ತಡೆಯಲಿಲ್ಲ. ತಿಳಿ ಬಣ್ಣ ತಾನೆ, ದೂರಕ್ಕೆ ಬಿಳಿಯಂತೆಯೇ ಕಾಣುತ್ತದೆ ಎಂದು ನಾಲ್ಕನೆಯದಕ್ಕೂ ಬಳಿಸಿದಳು. ಹಿಂದೆ ತೆಂಗಿನ ತೋಟ ಇರುವುದು, ಅದರ ಹಸಿರಿನಲ್ಲಿ ಗೋಡೆ ಕರಗಿಹೋಗುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಉಳಿದ ದೋಣಿಗಳೆಲ್ಲ ಅಷ್ಟರೊಳಗೆ ದಡ ಸೇರಿದ್ದವು. ಬರಬೇಕಾದದ್ದು ಅಮ್ಮನ ತಮ್ಮ, ನನ್ನ ಮಾವನ ದೋಣಿ ಒಂದೇ. ಸಂಜೆ ಗಾಳಿ ಎದ್ದಿತು. ಅಂಗಳದಲ್ಲಿ ನಿಂತು ನೋಡುತ್ತೇವೆ, ದೋಣಿ ಅಳಿವೆಯ ಹೊರಗೆ ಬಂದು, ತಿರುಗಿ, ಮತ್ತೆ ಬಂದು, ಮತ್ತೆ ತಿರುಗುತ್ತಿದೆ. ಅಮ್ಮ ಒಮ್ಮೆ ಕಡಲನ್ನು ನೋಡಿದಳು, ಒಮ್ಮೆ ಗೋಡೆಯನ್ನು. ಒಳಗೆ ಓಡಿ ಪೆಟ್ಟಿಗೆಯಲ್ಲಿದ್ದ ಬಿಳಿ ಬೆಡ್‌ಶೀಟುಗಳನ್ನೆಲ್ಲ ತಂದಳು. ಮಾಳಿಗೆಯ ಕಿಟಕಿಯಿಂದ ಗೋಡೆಯ ಮೇಲೆ ಇಳಿಬಿಟ್ಟು ಇಬ್ಬರೂ ಹಿಡಿದುಕೊಂಡೆವು. ಹಸಿ ಬಣ್ಣಕ್ಕೆ ಅಂಟಿ ಅವೆಲ್ಲ ಹಾಳಾದವು. ಸ್ವಲ್ಪ ಹೊತ್ತಿಗೆ ದೋಣಿಯ ಮೂತಿ ನಮ್ಮ ಕಡೆ ತಿರುಗಿತು, ನೆಟ್ಟಗೆ ಒಳಗೆ ಬಂತು.

ಮಾವ ಒದ್ದೆ ಬಟ್ಟೆಯಲ್ಲೇ ಮೇಲೆ ಬಂದ. ಬೈಯುತ್ತಾನೆಂದು ಅಮ್ಮ ತಲೆ ತಗ್ಗಿಸಿ ನಿಂತಿದ್ದಳು. ಅವನು ಜಗಲಿಯಲ್ಲಿ ಕುಸಿದು ಕೂತು ನಮ್ಮಿಬ್ಬರ ಮುಖವನ್ನೂ ನೋಡಿದ.

"ಮನಿ ಕಂಡದ್ದೇ ಇಲ್ಲೆ ಅಕ್ಕ. ನಿಮ್ಗ್ ಎಂತ ಆಯ್ತೊ ಅಂದೇಳಿ ಹೆದ್ರಿಕಿ ಆಯ್ತ್."

ತನ್ನ ಜೀವದ ಮಾತನ್ನು ಅವನು ಎತ್ತಲೇ ಇಲ್ಲ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಾರನೆಯ ಬೆಳಿಗ್ಗೆ ತಾನೇ ಸುಣ್ಣ ಕದಡಿ ಆ ಗೋಡೆಗೆ ಬಳಿದಳು.

ಆಮೇಲೆ ದೋಣಿಗಳಿಗೆ ಜಿಪಿಎಸ್ ಬಂತು, ಚಿಮಣಿ ಬಿತ್ತು. ಮಾವ ಕಡಲಿಗೆ ಹೋಗುವುದನ್ನು ಬಿಟ್ಟು ಕೋಡಿಯ ಮಗಳ ಮನೆ ಸೇರಿದ. ಸಂಜೆ ಹೊಳೆಯ ಆಚೆ ದಡದಲ್ಲಿ ನಮ್ಮ ಮನೆಯತ್ತ ಮುಖ ಮಾಡಿ ಕೂರುತ್ತಾನೆ. ಮೊನ್ನೆ ಮನೆಗೆ ಹೊಸದಾಗಿ ಹಸಿರು ಬಳಿಸುವಾಗ, ಈಗ ಗುರುತು ಯಾರಿಗೂ ಬೇಡ, ನಾಲ್ಕೂ ಗೋಡೆಗೆ ಬಳಿಸು ಎಂದೆ. ಅಮ್ಮ ಹೊಳೆಯಾಚೆ ನೋಡಿದಳು.

"ಅದ್ ಬಿಳಿಯೇ ಇರ್ಲಿ," ಎಂದಳು. "ಅವ ಮತ್ತೆ ಹೆದ್ರೂದ್ ಬ್ಯಾಡ."