ಕಬ್ಬಿಣ ಹುಡುಕುವ ಕೈಗೆ ಕಬ್ಬಿಣದ ಉಂಗುರ

ಬೆಳಕು ಹರಿಯುವ ಮೊದಲೇ ವಿಜಯನಗರದ ಈ ಅಡ್ಡರಸ್ತೆಯಲ್ಲಿ ಖಾಲಿ ಕೊಡಗಳು ಸಾಲುಗಟ್ಟಿವೆ. ರಸ್ತೆಗೆ ಟಾರು ಹಾಕಿದ ಪುಣ್ಯಾತ್ಮರು ನೀರಿನ ವಾಲ್ವಿನ ಮುಚ್ಚಳದ ಮೇಲೂ ಧಾರಾಳವಾಗಿ ಬಳಿದು ಹೋಗಿದ್ದಾರೆ. ಕೆಲಸಕ್ಕೆಂದು ನಿಲ್ಲಿಸಿದ ನೀರನ್ನು ಮತ್ತೆ ಬಿಡೋಣವೆಂದರೆ ವಾಲ್ವು ಎಲ್ಲಿದೆಯೋ ಶಿವನೇ ಬಲ್ಲ. ಅದನ್ನು ಹುಡುಕಲು ನೀರಿನ ಇಲಾಖೆಯ ಚಿಕ್ಕಹನುಮಯ್ಯ ಬಂದಿದ್ದಾರೆ.

ಬಂದವರೇ ನಡುಬೆರಳಿನ ಕಬ್ಬಿಣದ ಉಂಗುರವನ್ನು ತಿರುಚಿ ತಿರುಚಿ ಕೀಳುತ್ತಾರೆ. ಸಾರಿಸದ ಬಾಗಿಲಿಗೇ ರಂಗೋಲಿ ಎಳೆಯುತ್ತಿರುವ ಕಲ್ಯಾಣಮ್ಮನವರ ಕೈಗೆ ಅದನ್ನು ಕೊಡುತ್ತಾರೆ.

"ಜೋಪಾನ ಅಕ್ಕಾ. ಕಳೆದೋದ್ರೆ ನಮ್ಮವ್ವ ಮನೇಗೆ ಸೇರ್ಸಲ್ಲ."

"ಸೆರಗಿಗೆ ಗಂಟು ಹಾಕ್ಕೊಂಡಿದೀನಿ, ಎಲ್ಲೂ ಹೋಗಲ್ಲ. ನೀನು ಮೊದ್ಲು ನೀರು ಬಿಡಪ್ಪ."

ಚಿಕ್ಕಹನುಮಯ್ಯನವರ ಕೈಯಲ್ಲಿ ಅಂಗೈಯಗಲದ ಹಿತ್ತಾಳೆ ಪೆಟ್ಟಿಗೆ. ಗಾಜಿನ ಕೆಳಗೆ ಆಯಸ್ಕಾಂತದ ಮುಳ್ಳು. ನೆಲದೊಳಗೆ ಕಬ್ಬಿಣವಿದ್ದರೆ ಮುಳ್ಳಿನ ಮೂತಿ ಕೆಳಕ್ಕೆ ಬಾಗುತ್ತದೆ. ಬಗ್ಗಿದ ಬೆನ್ನಿನಲ್ಲಿ, ಆಮೆ ನಡಿಗೆಯಲ್ಲಿ, ರಸ್ತೆಯನ್ನು ಅಡ್ಡಡ್ಡ ಅಳೆಯುವುದೇ ಅವರ ಉದ್ಯೋಗ. ಕೈಯಲ್ಲೇ ಕಬ್ಬಿಣವಿದ್ದರೆ ಮುಳ್ಳು ನೆಲದ ಮಾತು ಕೇಳುವುದಿಲ್ಲ.

ಈ ಪಾಠ ಅವರು ಕಲಿತದ್ದು ರಾಜಾಜಿನಗರದಲ್ಲಿ, ಉಗಿಸಿಕೊಂಡು. ಕೆಲಸಕ್ಕೆ ಸೇರಿದ ಹೊಸತು. ಉಂಗುರ ಬೆರಳಲ್ಲೇ ಇತ್ತು. ಹೋದಲ್ಲೆಲ್ಲ ಮುಳ್ಳು ತಲೆಯಾಡಿಸಿತು, ಅದು ಆಡಿಸಿದಲ್ಲೆಲ್ಲ ಇವರು ಅಗೆಸಿದರು. ರಸ್ತೆ ಹಂದಿ ಹೊಕ್ಕ ಗೆಣಸಿನ ಹೊಲವಾಯಿತು. ಮುಚ್ಚಳ ಮಾತ್ರ ಸಿಗಲಿಲ್ಲ. "ನಂಗೇ ಶನಿ ಹಿಡ್ದೈತೆ ಅಂದ್ಕೊಂಡೆ. ನೋಡಿದ್ರೆ ಶನಿ ಬಿಡ್ಸೋ ಉಂಗ್ರಾನೇ ಆಟ ಆಡಿಸ್ತಿತ್ತು," ಎಂದು ಈಗ ನಗುತ್ತಾರೆ.

ಉಂಗುರದ ಹಿಂದಿನ ಕತೆಗೆ ನಗು ಬರುವುದಿಲ್ಲ. ಇವರ ಅಣ್ಣ ಮಾಗಡಿ ರಸ್ತೆಯಲ್ಲಿ ಲಾರಿಗೆ ಸಿಕ್ಕು ಸತ್ತ. ಉಳಿದೊಬ್ಬ ಮಗನನ್ನಾದರೂ ಕಾಪಾಡಲೆಂದು ತಾಯಿ ಅಕ್ಕಯ್ಯಮ್ಮ ಜಟಕಾ ಸ್ಟ್ಯಾಂಡಿನಲ್ಲಿ ಕಾದು, ಕರಿಕುದುರೆಯ ಲಾಳ ತಂದು, ಕಮ್ಮಾರನಿಂದ ಉಂಗುರ ಮಾಡಿಸಿ ತೊಡಿಸಿದರು. ಸ್ನಾನಕ್ಕೂ ತೆಗೆಯುವುದಿಲ್ಲವೆಂದು ಆಣೆ ಮಾಡಿಸಿಕೊಂಡರು. ಸುಂಕದಕಟ್ಟೆಯ ಮನೆಯಲ್ಲಿ ಸಂಜೆ ಮಗನ ಬೆರಳು ನೋಡಿಯೇ ಮುದ್ದೆ ಬಡಿಸುತ್ತಾರೆ.

"ಸಾರಿಗೆ ಉಪ್ಪು ಮರ್ತಾಳು, ಬೆರಳು ನೋಡೋದು ಮರೆಯಲ್ಲ. ದಿನಾ ತೆಗೀತೀನಿ ಅಂತ ಗೊತ್ತಾದ್ರೆ ಎದೆ ಒಡ್ಕೋತಾಳೆ. ತೆಗೀದಿದ್ರೆ ಅನ್ನ ಇಲ್ಲ. ಏನ್ಮಾಡ್ಲಿ ಹೇಳಿ?"

ಕಲ್ಯಾಣಮ್ಮನವರ ಗೇಟಿನೆದುರು ಮುಳ್ಳು ಬಾಗುತ್ತದೆ. ಚಿಕ್ಕಹನುಮಯ್ಯ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಹಾರೆಯ ಮೂರ್ನಾಲ್ಕು ಏಟಿಗೆ ಟಾರು ಬಿರಿದು ಮುಚ್ಚಳ ಠಣ್ಣೆನ್ನುತ್ತದೆ. ವಾಲ್ವು ತಿರುಗಿಸಿದ ಸ್ವಲ್ಪ ಹೊತ್ತಿಗೆ ನಲ್ಲಿಗಳು ಕೆಮ್ಮಿ, ಕೆಂಪು ನೀರು ಕಾರಿ, ತಿಳಿನೀರು ಸುರಿಸುತ್ತವೆ. ಕೊಡಗಳ ಜಗಳ ಶುರುವಾಗುತ್ತದೆ. ಹುಡುಕಿಕೊಟ್ಟವನನ್ನು ಯಾರೂ ತಿರುಗಿ ನೋಡುವುದಿಲ್ಲ.

ನಮ್ಮ ಪತ್ರಿಕೆಯ ಫೋಟೋದವರು ಪೆಟ್ಟಿಗೆ ಹಿಡಿದು ನಿಲ್ಲಲು ಹೇಳಿದಾಗ ಚಿಕ್ಕಹನುಮಯ್ಯ ಗಾಬರಿಯಾಗುತ್ತಾರೆ. "ತಡೀರಿ ಸಾರ್!" ಎಂದು ಕಲ್ಯಾಣಮ್ಮನವರ ಬಳಿ ಓಡುತ್ತಾರೆ. ಗಂಟು ಬಿಚ್ಚಿಸಿ, ಉಂಗುರ ತೊಟ್ಟು ಬಂದು, ಎದೆಯುಬ್ಬಿಸಿ ನಿಲ್ಲುತ್ತಾರೆ. ಪೆಟ್ಟಿಗೆಯ ಮುಳ್ಳು ಉಂಗುರದ ಕಡೆಗೇ ವಾಲುತ್ತದೆ. ಮುಳ್ಳು ತಪ್ಪು ತೋರಿಸುತ್ತಿದೆಯಲ್ಲ ಎಂದರೆ ಅವರಿಗೆ ಚಿಂತೆಯಿಲ್ಲ.

"ತೋರಿಸ್ಲಿ ಬಿಡಿ ಸಾರ್. ನೀವು ಬರ್ದಿದ್ದು ನಮ್ಮವ್ವಂಗೆ ಓದಕ್ಕೆ ಬರಲ್ಲ. ಫೋಟೋ ನೋಡ್ತಾಳೆ. ಬೆರಳು ಚೆನ್ನಾಗಿ ಕಾಣೋ ಹಂಗೆ ತೆಗೀರಿ."