ಅತ್ತೆಯ ಅಂಗೈ, ನನ್ನ ಕ್ಯಾಲೊರಿ

ಮುದ್ದೆಯನ್ನು ತೂಗಿ ಉಣ್ಣುವ ಕಾಲ ನನಗೂ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಬಂಗಾರಪೇಟೆಯ ಡಾಕ್ಟರು ನನ್ನ ಮೊಣಕಾಲು ಒತ್ತಿ ನೋಡಿ, "ಎಂಟು ಕೆಜಿ ಇಳಿಸಿಕೊಂಡು ಬನ್ನಿ, ಆಮೇಲೆ ಆಪರೇಷನ್ ಮಾತು" ಎಂದುಬಿಟ್ಟರು. ಆಂಡರ್ಸನ್‌ಪೇಟೆಯ ಶಾಲೆಯೊಂದರಲ್ಲಿ ಗುಮಾಸ್ತನಾಗಿ ಮೂವತ್ತು ವರ್ಷ ಕುರ್ಚಿ ಸವೆಸಿದವನು ನಾನು. ಈಗ ಆ ಕುರ್ಚಿಯಿಂದ ಏಳಬೇಕಾದರೆ ಮೇಜನ್ನು ಬೇಡಿಕೊಳ್ಳಬೇಕು.

ಸರಿ, ನಾನು ಕ್ಯಾಲೊರಿ ಲೆಕ್ಕ ಹಿಡಿದೆ. ಹೆಂಡತಿ ಸರೋಜ ನನಗೆ ಜೊತೆಯಾಗಲೆಂದು, ತಿಂದದ್ದಕ್ಕೆಲ್ಲ ಅಂಕ ಕಳೆಯುವ ಪಾಯಿಂಟು ಲೆಕ್ಕವನ್ನು ಫೋನಿನಲ್ಲಿ ಹಿಡಿದಳು. ಕ್ಯಾಲೊರಿಯದು ಕಟ್ಟುನಿಟ್ಟಿನ ಸ್ವಭಾವ. ಒಗ್ಗರಣೆಯ ಎಣ್ಣೆಯನ್ನೂ ಬಿಡದೆ ವಿಚಾರಿಸುತ್ತದೆ. ಪಾಯಿಂಟು ಸ್ವಲ್ಪ ಉದಾರಿ. ದಿನಕ್ಕಿಷ್ಟು ಎಂದು ಕೊಟ್ಟು, ಕರಿದದ್ದಕ್ಕೂ ಸಿಹಿಗೂ ಹೆಚ್ಚು ಕಳೆದು, ಹಣ್ಣು ತರಕಾರಿಗೆ ಸೊನ್ನೆ ಹಾಕಿ ಸುಮ್ಮನಾಗುತ್ತದೆ. ಆ ಸೊನ್ನೆಯನ್ನು ನಂಬಿ ಸರೋಜ ಒಂದೇ ಸಂಜೆ ಆರು ಬಾಳೆಹಣ್ಣು ತಿಂದಳು. ನಾನೋ, ಬಂಗಾರಪೇಟೆಯ ಪಾನಿಪುರಿಯ ತಿಳಿನೀರಿಗೆ ಎಷ್ಟು ಬರೆಯಬೇಕೆಂದು ಯೋಚಿಸುತ್ತಲೇ ಎರಡು ಪ್ಲೇಟು ಮುಗಿಸಿದೆ. ತಿಂಗಳಾದರೂ ತೂಕದ ಮುಳ್ಳು ಅಲುಗಲಿಲ್ಲ.

ಆಗ ಮುದ್ದೆಯ ಮೇಲೆ ಅನುಮಾನ ಬಂತು. ನಮ್ಮ ಮನೆಯ ಮುದ್ದೆ ಅತ್ತೆಯದು, ಅಂದರೆ ಸರೋಜಳ ತಾಯಿಯದು. ನಂದಿದುರ್ಗ ಚಿನ್ನದ ಗಣಿಯ ಕೆಲಸಗಾರರ ಲೈನು ಮನೆಯಲ್ಲಿ ಬಾಳಿದವರು, ಗಣಿಗಿಳಿಯುತ್ತಿದ್ದ ಮಾವ ತೀರಿಕೊಂಡ ಮೇಲೆ ಹತ್ತು ವರ್ಷದಿಂದ ನಮ್ಮೊಂದಿಗಿದ್ದಾರೆ. ಮೂರು ದಿನ ನನ್ನ ಮುದ್ದೆ ತೂಗಿದೆ. ಮೂರು ದಿನವೂ ಮುನ್ನೂರು ಗ್ರಾಂ! ಅಂಗೈಗೆ ನೀರು ಸವರಿಕೊಂಡು, ಪಕ್ಕದ ಮನೆಯವರ ಸುದ್ದಿ ಹೇಳುತ್ತಲೇ ಉರುಳಿಸಿದ ಮುದ್ದೆ. ಕೇಳಿಯೇಬಿಟ್ಟೆ.

"ಅದೆಂಗೆ ಅತ್ತೆ, ಒಂದೇ ತೂಕ?"

"ತೂಕ ಯಾರ್ ನೋಡ್ತಾರೆ ಅಳಿಯೋರೆ? ಅದು ಗಣಿ ಒಳಕ್ಕೆ ಓಗೋರ ಮುದ್ದೆ. ಮ್ಯಾಲೆ ಕೆಲ್ಸ ಮಾಡೋರ್ಗೆ ಸ್ವಲ್ಪ ಕಮ್ಮಿ, ಮನೇಲಿರೋರ್ಗೆ ಇನ್ನೂ ಕಮ್ಮಿ. ಲೈನಲ್ಲಿ ಎಲ್ಲಾರ ಕೈಗೂ ಗೊತ್ತು."

ಸರೋಜ ಬಿದ್ದು ಬಿದ್ದು ನಕ್ಕಳು. "ಅಮ್ಮಾ, ಇವ್ರು ಯಾವ್ ಗಣಿಗೆ ಇಳ್ದವ್ರೇ? ಕುರ್ಚಿ ಬಿಟ್ಟು ಏಳಕ್ಕೇ ಆಗಲ್ಲ!"

"ಸುಮ್ಕಿರೇ. ಅಳಿಯೋರ್ಗೆ ಕಮ್ಮಿ ಇಕ್ಕಕ್ಕಾಯ್ತದಾ?"

ಹತ್ತು ವರ್ಷದಿಂದ ನಾನು ಗಣಿ ಕೆಲಸಗಾರನ ಊಟ ಉಂಡು ಹಾಜರಿ ಪುಸ್ತಕ ತುಂಬುತ್ತಿದ್ದೆ! ಮೊಣಕಾಲು ತೋರಿಸಿ, ಚಿಕ್ಕದು ಮಾಡಿ ಎಂದು ಬೇಡಿಕೊಂಡೆ. ಅತ್ತೆ ಮುದ್ದೆ ಕೋಲನ್ನು ಕೆಳಗಿಟ್ಟರು.

"ಮೈನ್ಸ್ ಮುಚ್ಚಿದ್ ಮ್ಯಾಲೆ ನಿಮ್ ಮಾವ್ನೋರು ಮನೇಲೇ ಕೂತ್ರು. ಆಗ್ಲೂ ಅದೇ ಮುದ್ದೆ ಇಕ್ಕಿದೆ. ಚಿಕ್ಕದ್ ಮಾಡಿದ್ರೆ ತಟ್ಟೆ ನೋಡಿ ಏನಂದ್ಕೊಳ್ಳೋರು? ನನ್ ಕೈಲಿ ಆಗಲ್ಲಪ್ಪ."

ಇದನ್ನು ಬರೆದುಕೊಳ್ಳಲು ಕ್ಯಾಲೊರಿಯಲ್ಲೂ ಜಾಗವಿಲ್ಲ, ಪಾಯಿಂಟಿನಲ್ಲೂ ಇಲ್ಲ. "ಹಾಗಾದ್ರೆ ನೀವು ಎಷ್ಟು ಉಣ್ತೀರೋ ನಂಗೂ ಅಷ್ಟೇ ಇಕ್ಕಿ" ಎಂದೆ.

"ನಂದಾ?" ಅತ್ತೆ ನಾಚಿ ತಟ್ಟೆ ಹಿಂದಕ್ಕೆಳೆದುಕೊಂಡರು. ಸರೋಜ ಬಿಡದೆ ತೂಗಿದಳು. ಬರೀ ನೂರು ಗ್ರಾಂ. ಅಷ್ಟು ವರ್ಷ ಜೊತೆಗೆ ಉಂಡರೂ ನಾವಿಬ್ಬರೂ ಅದನ್ನು ನೋಡಿರಲಿಲ್ಲ.

ಮರುದಿನ ಮಧ್ಯಾಹ್ನ ನನಗೂ ಅತ್ತೆಗೂ ಎರಡು ಸಮ ಮುದ್ದೆ ಬಂದವು, ತಲಾ ಇನ್ನೂರು. ಅಳಿಯನ ಮುಂದೆ ಮಗುವಿನ ಮುದ್ದೆ ಇಡಲು ಮನಸ್ಸು ಒಪ್ಪದೆ, ಅವರು ತಮ್ಮದನ್ನೇ ದೊಡ್ಡದು ಮಾಡಿಕೊಂಡಿದ್ದರು.

ಎಂಟರಲ್ಲಿ ಈಗ ಐದು ಕೆಜಿ ಇಳಿದಿದೆ. ಉಳಿದ ಮೂರೂ ಇಳಿಯುತ್ತವೆ, ಚಿಂತೆಯಿಲ್ಲ. ಅತ್ತೆ ತಮ್ಮ ತಟ್ಟೆಯ ಮುದ್ದೆಯನ್ನು ಪೂರ್ತಿ ಮುಗಿಸಿದ್ದು ಕಂಡ ಮೇಲೆಯೇ ನಾನು ಕೈ ತೊಳೆಯುತ್ತೇನೆ.